ಕೊಲ್ಲಿಯ ನೀರಿಗೆ ಹಣ ತೆರುವವರಾರು?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮೇರಿಲ್ಯಾಂಡಿನಲ್ಲಿ 2004ರಲ್ಲಿ ವಿಚಿತ್ರವಾದ ಒಂದು ತೆರಿಗೆ ಜಾರಿಗೆ ಬಂದಿತು. ಚರಂಡಿಗೆ ನೀರು ಬಿಡುವ ಮನೆಯೊಂದಕ್ಕೆ ತಿಂಗಳಿಗೆ ಎರಡೂವರೆ ಡಾಲರು. ಆ ಹಣವೆಲ್ಲ ಚೆಸಪೀಕ್ ಕೊಲ್ಲಿಯ ನೀರನ್ನು ಶುದ್ಧಗೊಳಿಸುವ ಕಾರ್ಯಕ್ಕೇ ಮೀಸಲು. ಜನರು ಇದನ್ನು 'ಫ್ಲಶ್ ಟ್ಯಾಕ್ಸ್' ಎಂದು ಪರಿಹಾಸ್ಯ ಮಾಡಿದರು, ಆದರೂ ತೆತ್ತರು. 2012ರಲ್ಲಿ ಕೊಲ್ಲಿಯ ಸೀಮೆಯ ಮನೆಗಳಿಗೆ ಅದು ಇಮ್ಮಡಿಯಾಗಿ ವರ್ಷಕ್ಕೆ 60 ಡಾಲರಿಗೆ ಏರಿತು. ಕುಡಿಯುವ ನೀರಿಗೆ ಹಣ ಕೊಡುವುದು ನಮಗೆಲ್ಲ ರೂಢಿಯಾದ ಸಂಗತಿ. ಬಳಸಿ ಹೊರಗೆ ಬಿಡುವ ನೀರಿಗೂ ಹಣ ಕೊಡಬೇಕೆಂಬುದು ನ್ಯಾಯವೆ? ನ್ಯಾಯವೆಂದೇ ನಮ್ಮ ಮತ. ಆದರೆ ಸಾರ್ವಜನಿಕರ ಹಣ ಎಲ್ಲಿ, ಯಾವುದರ ಮೇಲೆ ವೆಚ್ಚವಾಗಬೇಕೆಂಬ ವಿಷಯದಲ್ಲಿ ಅಲ್ಲಿನ ಸರ್ಕಾರಗಳು ಬಹುಕಾಲ ಸುಲಭವಾದ ದಾರಿಯನ್ನೇ ಹಿಡಿದವೆಂಬುದು ನಮ್ಮ ಆಕ್ಷೇಪಣೆ.

ಚೆಸಪೀಕ್ ಎಂಬುದು ಅಮೆರಿಕದ ಪೂರ್ವ ತೀರದಲ್ಲಿ ಸುಮಾರು 320 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ ಅಳಿವೆ. ನದಿಗಳ ಸಿಹಿನೀರೂ ಅಟ್ಲಾಂಟಿಕ್ ಸಾಗರದ ಉಪ್ಪುನೀರೂ ಅಲ್ಲಿ ಕೂಡುತ್ತವೆ. ಉದ್ದಕ್ಕೆ ತಕ್ಕ ಆಳ ಅದಕ್ಕಿಲ್ಲ. ಸರಾಸರಿ ಆರೂವರೆ ಮೀಟರನ್ನೂ ಮುಟ್ಟದು. ಆದರೆ ಅದಕ್ಕೆ ನೀರೂಡುವ ಜಲಾನಯನ ಪ್ರದೇಶ ಸುಮಾರು 1,66,000 ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ವಿಸ್ತೀರ್ಣದಲ್ಲಿ ಏಳರಲ್ಲಿ ಆರು ಪಾಲು. ಆರು ಸಂಸ್ಥಾನಗಳ ಭಾಗಗಳೂ ರಾಜಧಾನಿ ವಾಷಿಂಗ್ಟನ್ ನಗರವೂ ಇದಕ್ಕೆ ಸೇರಿವೆ; ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ವಾಸವಾಗಿದ್ದಾರೆ. ಇಷ್ಟು ವಿಶಾಲವಾದ ನೆಲದ ಮೇಲೆ ಬಿದ್ದ ಮಳೆ ಹೊಲ, ಹಟ್ಟಿ, ಬೀದಿಗಳನ್ನೆಲ್ಲ ತೊಳೆದುಕೊಂಡು ತಟ್ಟೆಯಂತಹ ಈ ಕೊಲ್ಲಿಗೆ ಬಂದು ಇಳಿಯುತ್ತದೆ.

ಕೊಲ್ಲಿಯ ಮುಖ್ಯ ವ್ಯಾಧಿಗೆ ಕಾರಣ ವಿಷವಲ್ಲ, ಗೊಬ್ಬರ. ಇದನ್ನು ಕೇಳಿ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಪೈರನ್ನು ಬೆಳೆಸುವ ಸಾರಜನಕ ಮತ್ತು ರಂಜಕಗಳು ನೀರಿಗೆ ಸೇರಿದರೆ ಅಲ್ಲಿಯೂ ಬೆಳೆಸುವ ಕೆಲಸವನ್ನೇ ಮಾಡುತ್ತವೆ. ವಸಂತ ಋತುವಿನ ಪ್ರವಾಹದೊಡನೆ ಇವು ಬಂದಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ಕೋಟ್ಯನುಕೋಟಿಯಾಗಿ ವೃದ್ಧಿಹೊಂದಿ ನೀರು ಬಗ್ಗಡವಾಗುತ್ತದೆ. ಬೆಳಕು ತಳಕ್ಕೆ ಇಳಿಯದೆ ಅಲ್ಲಿನ ಹುಲ್ಲು ಸಾಯುತ್ತದೆ; ಹುಲ್ಲಿನ ನಡುವೆ ಅಡಗಿ ಬೆಳೆಯುವ ಏಡಿಮರಿಗಳಿಗೆ ಆಸರೆ ತಪ್ಪುತ್ತದೆ. ಅನಂತರ ಪಾಚಿಯೂ ಸತ್ತು ತಳ ಸೇರುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಬೇಸಗೆಯಲ್ಲಿ ಹಗುರವಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಪದರವಾಗಿ ನಿಲ್ಲುವುದರಿಂದ ಮೇಲಿನ ಗಾಳಿ ಕೆಳಕ್ಕೆ ಬೆರೆಯುವಂತಿಲ್ಲ. ತಳದ ನೀರು ಉಸಿರಿಲ್ಲದ ನೀರಾಗುತ್ತದೆ. ಮೀನು ಈಜಿ ಪಾರಾಗಬಹುದು. ಕದಲಲಾರದ ಸಿಂಪಿ ಏನು ಮಾಡೀತು? ಬೆಳೆದ ಒಂದು ಸಿಂಪಿ ದಿನಕ್ಕೆ 190 ಲೀಟರಿನವರೆಗೆ ನೀರನ್ನು ಸೋಸಬಲ್ಲದು. ಅತಿಯಾಗಿ ಬಾಚಿದುದರಿಂದಲೂ ರೋಗಗಳಿಂದಲೂ ಸಿಂಪಿಯ ದಂಡೆಗಳು ಮೊದಲೇ ಕ್ಷೀಣಿಸಿದ್ದವು. ಹೀಗಾಗಿ, ಪುಕ್ಕಟೆಯಾಗಿ ನೀರು ಸೋಸುತ್ತಿದ್ದ ಜೀವಿಯ ಕೆಲಸವನ್ನು ಈಗ ಯಂತ್ರಗಳಿಗೆ ಹಣ ಕೊಟ್ಟು ಮಾಡಿಸಬೇಕಾಗಿದೆ.

ಮೇರಿಲ್ಯಾಂಡಿನ ತೆರಿಗೆಯ ಹಣ ಮೊದಲು ಹೋದದ್ದು ಅಲ್ಲಿನ 67 ದೊಡ್ಡ ಕೊಳಚೆನೀರಿನ ಶುದ್ಧೀಕರಣಾಲಯಗಳಿಗೆ. ಅಲ್ಲಿ ನಡೆಯುವ ಕ್ರಿಯೆ ಸೊಗಸಾದುದು. ಒಂದು ಜಾತಿಯ ಬ್ಯಾಕ್ಟೀರಿಯಗಳಿಗೆ ಗಾಳಿ ಊದಿ ಅಮೋನಿಯವನ್ನು ನೈಟ್ರೇಟಾಗಿ ಮಾಡಿಸುತ್ತಾರೆ. ಆಮೇಲೆ ಗಾಳಿಯನ್ನು ನಿಲ್ಲಿಸಿ, ಬೇರೊಂದು ಜಾತಿಯವು ಉಸಿರಿಗಾಗಿ ನೈಟ್ರೇಟಿನಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುವಂತೆ ಮಾಡುತ್ತಾರೆ. ಉಳಿದ ಸಾರಜನಕ ಅನಿಲರೂಪದಲ್ಲಿ, ತಾನು ಬಂದ ವಾಯುಮಂಡಲಕ್ಕೇ ಮರಳುತ್ತದೆ. ಹೀಗೆ ಸಂಸ್ಕರಿಸಿದ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಸಾರಜನಕ ಉಳಿಯಬೇಕೆಂಬುದು ಗುರಿ. ಸಾಮಾನ್ಯ ಸಂಸ್ಕರಣೆಯಲ್ಲಿ ಅದರ ಐದಾರು ಪಟ್ಟು ಉಳಿಯುತ್ತದೆ. ಇತರ ಸಂಸ್ಥಾನಗಳೂ ಇದೇ ಮಾರ್ಗ ಹಿಡಿದವು. 2025ಕ್ಕೆ ಮುಟ್ಟಬೇಕಾಗಿದ್ದ ಮಿತಿಯನ್ನು ಕೊಳಚೆನೀರಿನ ವಿಭಾಗ 2016ರ ವೇಳೆಗೇ ಮುಟ್ಟಿತು. ಸರ್ಕಾರದ ಹಣ ನೀರಿನಲ್ಲಿ ಮಾಡಿದ ಹೋಮವೆನ್ನುವವರು ಈ ಸಂಗತಿಯನ್ನು ಗಮನಿಸಬೇಕು.

ಆದರೂ ಒಟ್ಟು ಗುರಿ ಕೈಗೂಡಲಿಲ್ಲ. 1987ರ ಒಪ್ಪಂದ ಸಾರಜನಕ ಮತ್ತು ರಂಜಕಗಳನ್ನು 2000ದ ಹೊತ್ತಿಗೆ ನೂರಕ್ಕೆ ನಲವತ್ತರಷ್ಟು ಇಳಿಸುವುದಾಗಿ ಹೇಳಿತು, ಆಗಲಿಲ್ಲ. 2000ದಲ್ಲಿ ಮತ್ತೊಂದು ಒಪ್ಪಂದವಾಗಿ ಗಡುವು 2010ಕ್ಕೆ ಹೋಯಿತು, ಆಗಲೂ ಆಗಲಿಲ್ಲ. 2010ರಲ್ಲಿ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆ ಸಾರಜನಕಕ್ಕೆ ವರ್ಷಕ್ಕೆ ಸುಮಾರು 8 ಕೋಟಿ 43 ಲಕ್ಷ ಕಿಲೋಗ್ರಾಂ ಎಂಬ ಮಿತಿಯನ್ನು ಕಟ್ಟುನಿಟ್ಟಾಗಿ ವಿಧಿಸಿ, ಬೇಕಾದ ಏರ್ಪಾಡುಗಳೆಲ್ಲ 2025ರೊಳಗೆ ಆಗಬೇಕೆಂದಿತು. ಸಾರಜನಕದ ಮಟ್ಟಿಗೆ ಆ ಗಡುವೂ ತಪ್ಪಿತು. ಏಕೆ? ಕೊಲ್ಲಿಗೆ ಸೇರುವ ಸಾರಜನಕದಲ್ಲಿ ಹೆಚ್ಚುಕಡಮೆ ಅರ್ಧ ಬರುವುದು ಹೊಲಗಳಿಂದ. ಶುದ್ಧೀಕರಣಾಲಯಕ್ಕೆ ಒಂದು ಕೊಳಾಯಿಯ ಬಾಯಿದೆ. ಅಲ್ಲಿ ಅಳೆಯಬಹುದು, ಪರವಾನಗಿ ಕೊಡಬಹುದು, ದಂಡ ಹಾಕಬಹುದು. ಹೊಲಕ್ಕೆ ಅಂತಹ ಬಾಯಿಲ್ಲ. 1972ರ ಶುದ್ಧ ಜಲ ಶಾಸನವೂ ಹೊಲದಿಂದ ಹರಿಯುವ ಮಳೆನೀರನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಲಿಲ್ಲ. ಅಳೆಯಲು ಸುಲಭವಾದಲ್ಲಿಗೆ ಹಣ ಹೋಯಿತು. ಕಷ್ಟವಾದಲ್ಲಿ ಕೊಳೆ ಉಳಿಯಿತು.

ರೈತನಿಂದ ಆಗಬೇಕಾದದ್ದು ದುಬಾರಿಯ ಕೆಲಸವೇನೂ ಅಲ್ಲ. ಮುಸುಕಿನ ಜೋಳದ ಕೊಯ್ಲಾದ ಮೇಲೆ ನೆಲವನ್ನು ಬರಿದಾಗಿ ಬಿಡದೆ ರೈ ಅಥವಾ ಗೋಧಿಯನ್ನು ಹೊದಿಕೆಯ ಬೆಳೆಯಾಗಿ ಬಿತ್ತಿದರೆ, ಮಣ್ಣಿನಲ್ಲುಳಿದ ನೈಟ್ರೇಟನ್ನು ಅದರ ಬೇರುಗಳು ಚಳಿಗಾಲಕ್ಕೆ ಮುಂಚೆಯೇ ಹೀರಿಕೊಳ್ಳುತ್ತವೆ. ಹೊಳೆಯ ದಡದಲ್ಲಿ ಮರಗಳ ಸಾಲು ನಿಲ್ಲಿಸಬಹುದು. ದನಗಳು ಹೊಳೆಗೆ ಇಳಿಯದಂತೆ ಬೇಲಿ ಹಾಕಬಹುದು. ಇದಕ್ಕೆ ರೈತನಿಗೆ ಬೊಕ್ಕಸದಿಂದ ಹಣ ಕೊಡುವುದು ಮಾಲಿನ್ಯಕ್ಕೆ ಬಹುಮಾನ ಕೊಟ್ಟಂತೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಹೊದಿಕೆಯ ಬೆಳೆಯಿಂದ ಬರುವ ಲಾಭದಲ್ಲಿ ದೊಡ್ಡ ಪಾಲು ನೂರಾರು ಕಿಲೋಮೀಟರು ಕೆಳಗಿನ ಮೀನುಗಾರನಿಗೆ. ಖರ್ಚು ಮಾತ್ರ ಹೊಲದವನಿಗೆ. ಅಗ್ಗದ ಧಾನ್ಯವನ್ನೂ ಮಾಂಸವನ್ನೂ ಪಟ್ಟಣದವರು ಉಂಡಿದ್ದಾರಷ್ಟೆ. ಆದುದರಿಂದ ಹಣ ಕೊಡುವುದೇ ಸರಿ; ಎಷ್ಟು ಎಕರೆಗೆ ಅರ್ಜಿ ಬಂದಿತೆಂಬುದರ ಮೇಲಲ್ಲ, ಎಷ್ಟು ಕಿಲೋಗ್ರಾಂ ಸಾರಜನಕ ನೀರಿಗೆ ಸೇರದೆ ಉಳಿಯಿತೆಂಬುದರ ಮೇಲೆ. ಮೇರಿಲ್ಯಾಂಡ್ 2021ರಲ್ಲಿ ಇಂತಹ ಶಾಸನವೊಂದನ್ನು ಮಾಡಿ, ಇದೇ ತೆರಿಗೆಯ ನಿಧಿಯ ಒಂದು ಭಾಗವನ್ನು ಫಲಕ್ಕೆ ತಕ್ಕಂತೆ ಕೊಡಲು ತೊಡಗಿದೆ. 2023ರಲ್ಲಿ ಕೊಲ್ಲಿಯ ಕಾರ್ಯಕ್ರಮದ ವೈಜ್ಞಾನಿಕ ಸಲಹಾ ಸಮಿತಿಯ ವರದಿಯೂ ಹೊಲಗಳಿಗೆ ಸಂಬಂಧಿಸಿದ ಈಗಿನ ಯೋಜನೆಗಳು ಸಾಲವೆಂದೇ ಹೇಳಿತು.

ಕಟ್ಟುವುದಕ್ಕೆ ಹಣ ಕೊಟ್ಟು ನಡೆಸುವುದನ್ನು ಮರೆಯುವುದು ಇನ್ನೊಂದು ದೋಷ. ಬಾಲ್ಟಿಮೋರ್ ನಗರದ ಬ್ಯಾಕ್ ರಿವರ್ ಶುದ್ಧೀಕರಣಾಲಯಕ್ಕೆ ಸಾರ್ವಜನಿಕರ ಅಪಾರ ಹಣ ಹೋಗಿತ್ತು. ಆದರೂ ನಿರ್ವಹಣೆ ಕೆಟ್ಟು, ಪರವಾನಗಿ ಮೀರಿ ಕೊಳೆ ಹೊರಬರುತ್ತಿದ್ದುದು 2021ರಲ್ಲಿ ಬಯಲಾಯಿತು. ಮರುವರ್ಷ ಸಂಸ್ಥಾನದ ಸರ್ಕಾರವೇ ಅದರ ಆಡಳಿತದಲ್ಲಿ ಕೈಹಾಕಬೇಕಾಯಿತು. ಹೊಸ ಕಟ್ಟಡಕ್ಕೆ ಉದ್ಘಾಟನೆಯುಂಟು. ಹಳೆಯ ಪಂಪಿಗೆ ಎಣ್ಣೆ ಹಾಕುವವನಿಗೆ ಹಾರ ಹಾಕಿದವರನ್ನು ನಾವು ಕಂಡಿಲ್ಲ.

ಕೊಲ್ಲಿಯ ಸಿಹಿನೀರಿನಲ್ಲಿ ಅರ್ಧದಷ್ಟನ್ನು ತರುವ ಸಸ್ಕ್ವೆಹನಾ ನದಿ ಬಹುಪಾಲು ಹರಿಯುವುದು ಪೆನ್ಸಿಲ್ವೇನಿಯದಲ್ಲಿ. ಆ ಸಂಸ್ಥಾನಕ್ಕೆ ಕೊಲ್ಲಿಯ ದಡ ಒಂದಂಗುಲವೂ ಇಲ್ಲ. ಅಲ್ಲಿನ ಮತದಾರ ಏಡಿ ಹಿಡಿಯುವವನಲ್ಲ, ಸತ್ತ ನೀರನ್ನು ಕಂಡವನಲ್ಲ. ಸಾರಜನಕವನ್ನು ಇಳಿಸುವುದರಲ್ಲಿ ಆ ಸಂಸ್ಥಾನ ಹಿಂದೆಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ಕೇಂದ್ರದ ಬೊಕ್ಕಸದ ಹಣ ಮುಖ್ಯವಾಗಿ ಅಲ್ಲಿಗೆ, ಅದರ ಹೊಲಗಳ ಕಡೆಗೆ ಹೋಗಬೇಕೆಂದು ನಾವು ವಾದಿಸುತ್ತೇವೆ. ಕೆಳಗಿನವರು ಕಟ್ಟುವ ತೆರಿಗೆ ಮೇಲಿನ ಹೊಲವನ್ನು ಮುಟ್ಟಲಾರದು. ಎರಡನ್ನೂ ಮುಟ್ಟಬಲ್ಲ ಕೈ ಕೇಂದ್ರದ್ದೊಂದೇ.

ಫಲ ಬೇಗನೆ ಕಾಣುವುದೆಂದು ಮಾತ್ರ ಯಾರೂ ಭಾಷೆ ಕೊಡಬಾರದು. ನೈಟ್ರೇಟಿನ ಒಂದು ಭಾಗ ನೆಲದೊಳಕ್ಕೆ ಇಂಗಿ, ಅಂತರ್ಜಲದೊಡನೆ ಕೆಲವು ವರ್ಷಗಳಿಂದ ಹಲವು ದಶಕಗಳವರೆಗೆ ಪಯಣಿಸಿ ಹೊಳೆಗೆ ಬರುತ್ತದೆ. ಇಂದು ಹೊಳೆಯಲ್ಲಿ ಅಳೆದದ್ದು ತಂದೆ ಹಾಕಿದ ಗೊಬ್ಬರವಿರಬಹುದು. ಮಗ ಬಿತ್ತಿದ ಹೊದಿಕೆಯ ಬೆಳೆಯ ಫಲ ಮೊಮ್ಮಗನ ಕಾಲಕ್ಕೆ ಕಂಡೀತು. ಚುನಾವಣೆ ಅಷ್ಟು ಕಾಯುವುದಿಲ್ಲ. ಕೊಲ್ಲಿಗೆ ಸೇರುವ ಒಂಬತ್ತು ನದಿಗಳಲ್ಲಿ ನೀರನ್ನು ಕ್ರಮವಾಗಿ ಅಳೆಯುವ ಕೇಂದ್ರಗಳಿವೆ. ಬಿಕ್ಕಟ್ಟಿನ ಕಾಲದಲ್ಲಿ ಮೊದಲು ಕತ್ತರಿ ಬೀಳುವುದು ಇಂತಹ ಅಳತೆಯ ವೆಚ್ಚಕ್ಕೇ, ಏಕೆಂದರೆ ಅಳತೆ ನಿಂತರೆ ಆ ದಿನ ಒಂದು ಮೀನೂ ಸಾಯುವುದಿಲ್ಲ. ಆ ಒಂಬತ್ತು ಕೇಂದ್ರಗಳ ವೆಚ್ಚವನ್ನು ವಾರ್ಷಿಕ ಮುಂಗಡಪತ್ರದ ಚೌಕಾಸಿಯಿಂದ ಹೊರಗಿಟ್ಟು, ಮುಂದಿನ ಮೂವತ್ತು ವರ್ಷಗಳಿಗೆ ಈಗಲೇ ಶಾಸನಬದ್ಧವಾಗಿ ಮೀಸಲಿಡಬೇಕು.