ಕಪನೂರಿನ ಬೇಳೆಯೂ ಗಣಕದ ಬೇಡಿಕೆಪತ್ರವೂ
2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿ ಸೀಮೆಯ ತೊಗರಿಗೆ ಎಣ್ಣೆ ಸವರಿ, ಒಣಗಿಸಿ, ಒಡೆದು ಬೇಳೆಯಾಗಿಸುವ ಕಪನೂರ ಕೈಗಾರಿಕಾ ಪ್ರದೇಶದ ಗಿರಣಿಕಾರನು ಕಾಳಿನ ಹದವನ್ನು ಬಲ್ಲವನಾದರಷ್ಟೇ ಸಾಲದೆಂಬ ಕಾಲ ಬಂದಿದೆ. ದೊಡ್ಡ ಮಾರಾಟ ಸಂಸ್ಥೆಗಳ ಬೇಡಿಕೆಪತ್ರವು ಗಣಕದಿಂದ ಗಣಕಕ್ಕೇ ಬರುವುದು. ಲಾರಿ ಹೊರಡುವ ಮುನ್ನವೇ ಚೀಲಗಳ ಸಂಖ್ಯೆ, ತೂಕ, ಬಾರ್‌ಕೋಡ್‌ಗಳನ್ನು ಅದೇ ಮಾರ್ಗವಾಗಿ ಅರುಹತಕ್ಕದ್ದು. ಒಂದಂಕಿ ತಪ್ಪಿದರೂ ಉತ್ಕೃಷ್ಟವಾದ ಬೇಳೆಯೂ ಗೋದಾಮಿನ ಬಾಗಿಲಲ್ಲಿ ನಿಂತುಬಿಡಬಹುದು. 2023ರ ಆಗಸ್ಟ್ 1ರಿಂದ, 5 ಕೋಟಿ ರೂಪಾಯಿ ವಹಿವಾಟು ಮೀರಿದ ವರ್ತಕರು ತೆರಿಗೆಗೊಳಪಟ್ಟ ಸರಕನ್ನು ಇತರ ವರ್ತಕರಿಗೆ ಮಾರುವಲ್ಲಿ ಇ-ಇನ್‌ವಾಯ್ಸ್ ಕೂಡ ಕಡ್ಡಾಯವಾಯಿತು. ಈ ಗಣಕ ವ್ಯವಹಾರದಿಂದ ಲೆಕ್ಕ ಶುದ್ಧವಾಗಿ ಹಣ ಬೇಗ ಕೈಸೇರುವ ಸಂಭವವುಂಟೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ತಂತ್ರಾಂಶದ ವೆಚ್ಚವನ್ನೆಲ್ಲ ಸಣ್ಣ ಗಿರಣಿಯ ತಲೆಗೆ ಕಟ್ಟಿ, ಅದರ ಉಳಿತಾಯವನ್ನು ಕೊಳ್ಳುವವನೊಬ್ಬನೇ ಅನುಭವಿಸುವುದು ನ್ಯಾಯವಲ್ಲ. ಆ ವೆಚ್ಚದಲ್ಲಿ ಆತನೂ ಪಾಲುಗೊಳ್ಳತಕ್ಕದ್ದು.