ಅಗ್ಗದ ಮೇಜೂ ಪರಿಗ್ರಹವೇ

ಹಳೆಯ ಸಾಮಾನನ್ನು ಕೊಂಡರೆ ಪರಿಗ್ರಹದ ದೋಷವಿಲ್ಲವೆಂಬ ಮಾತು ಶ್ರಾವಕರ ಮನೆಗಳಲ್ಲಿ ಬೇರೂರುತ್ತಿದೆ. ವರ್ಗವಾಗಿ ಹೊರಟ ನೌಕರರೊಬ್ಬರು ತಮ್ಮ ಸಾಗವಾನಿಯ ಊಟದ ಮೇಜನ್ನು, ಅದರಲ್ಲಿಯೂ ಎರಡು ಬದಿಯ ಹಲಗೆಗಳನ್ನು ಕೆಳಗೆ ಇಳಿಬಿಟ್ಟು ಗೋಡೆಗೆ ಸರಿಸಿಡಬಹುದಾದ ಮಡಚುವ ಮೇಜನ್ನು, ಅರ್ಧ ಬೆಲೆಗೆ ಕೊಡುತ್ತಾರೆಂದು ತಿಳಿದರೆ ಸಾಕು, ಮನೆಯೊಳಗೆ ಎರಡು ಪಕ್ಷಗಳಾಗುತ್ತವೆ. ಹೊಸ ಮರ ಕಡಿಯಬೇಕಾಗಿಲ್ಲ, ಹೆಚ್ಚು ಹಣವೂ ಹೋಗುವುದಿಲ್ಲ, ಆದ್ದರಿಂದ ಇದು ಪರಿಗ್ರಹವಲ್ಲ ಎಂಬುದು ಒಂದು ಪಕ್ಷ. ನೆಲದ ಮೇಲೆ ಕುಳಿತು ಉಣ್ಣುವುದೇ ಧರ್ಮ, ಮೇಜು ಪರಕೀಯರ ಆಚಾರ ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಶಾಸ್ತ್ರದ ಹೆಸರನ್ನೆತ್ತುತ್ತವೆ. ಶಾಸ್ತ್ರದ ಆಧಾರ ಮಾತ್ರ ಎರಡಕ್ಕೂ ಇಲ್ಲ.

ಗುಳೇದಗುಡ್ಡದಂತಹ ಊರಿನಲ್ಲಿ ಈ ಬಗೆಯ ಮೇಜಿನ ಆಕರ್ಷಣೆ ಸಹಜವಾದುದು. ಇದು ಖಣದ ಊರು. ಇಲ್ಲಿ ನೇಕಾರರ ಮನೆಯ ಪ್ರಶಸ್ತವಾದ ಜಾಗವೆಲ್ಲ ಕುಣಿಮಗ್ಗಕ್ಕೆ ಸಲ್ಲುತ್ತದೆ. ವ್ಯಾಪಾರಿಯ ಪಡಸಾಲೆಯನ್ನು ಬಟ್ಟೆಯ ಗಂಟುಗಳು ಆಕ್ರಮಿಸುತ್ತವೆ. ಉಂಡ ಬಳಿಕ ಮಡಚಿ ಬದಿಗಿಡುವ ವಸ್ತು ಇಂತಹ ಮನೆಗೆ ಒಪ್ಪುತ್ತದೆ. ಇಂಗ್ಲೆಂಡಿನಲ್ಲಿಯೂ 17ನೆಯ ಶತಮಾನದ ಹೊತ್ತಿಗೆ ಬಳಕೆಯಲ್ಲಿದ್ದ ಮಡಚುವ ಮೇಜುಗಳ ಗುಣ ಇದೇ ಆಗಿತ್ತು: ಬೇಕಾದಾಗ ಹರಡುವುದು, ಬೇಡವಾದಾಗ ಜಾಗ ಬಿಟ್ಟುಕೊಡುವುದು. ಅನುಕೂಲವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಅನುಕೂಲವೊಂದೇ ನಿರ್ಣಯಕ್ಕೆ ಸಾಕೇ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ನೆಲವೇ ಧರ್ಮವೆನ್ನುವವರ ವಾದವನ್ನು ಮೊದಲು ಪರಿಶೀಲಿಸಬಹುದು. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ತಮ್ಮ ಅಂಜಲಿಯಲ್ಲಿಯೇ ಆಹಾರ ಸ್ವೀಕರಿಸುತ್ತಾರೆ. ಇದು ಅವರ 28 ಮೂಲಗುಣಗಳಲ್ಲಿ ಸೇರಿದ ನಿಯಮ. ಆಸನವೇ ಧರ್ಮವಾಗಿದ್ದರೆ ಕುಳಿತು ಉಣ್ಣುವ ಗೃಹಸ್ಥರೆಲ್ಲರೂ ಧರ್ಮಬಾಹಿರರಾಗಬೇಕಾಗುತ್ತದೆ. ಹಿಂದಿನ ಮನೆಗಳಲ್ಲಿ ಮಣೆಯ ಮೇಲೆ ಕುಳಿತವರ ಮುಂದೆ ತಾಟನ್ನು ಅಡ್ಡಣಿಗೆಯ ಮೇಲೆ ಇಡುತ್ತಿದ್ದರು. ಅಡ್ಡಣಿಗೆ ಗಿಡ್ಡ ಕಾಲುಗಳ ಮೇಜಲ್ಲದೆ ಮತ್ತೇನು? ಮೊಣಕಾಲು ನೋವಿನಿಂದ ಕೆಳಗೆ ಕೂರಲಾರದ ಅತ್ತೆಯವರಿಗೆ ಮಂಚದ ಅಂಚಿನಲ್ಲಿ ಒಂಟಿಯಾಗಿ ಉಣಬಡಿಸಿ, ಉಳಿದವರು ಪಂಕ್ತಿಯಲ್ಲಿ ಕುಳಿತು ಸಂಪ್ರದಾಯ ಉಳಿಸಿದೆವೆಂದು ಬೀಗುವುದರಲ್ಲಿ ಯಾವ ಪುಣ್ಯವೂ ಇಲ್ಲ. ಸೋಸಿದ ನೀರು, ಸೂರ್ಯಾಸ್ತಕ್ಕೆ ಮೊದಲಿನ ಊಟ, ತಾಟಿನಲ್ಲಿ ಅನ್ನ ಬಿಡದಿರುವುದು, ಇವು ಊಟದ ಧರ್ಮ. ಇವನ್ನು ನೆಲದ ಮೇಲೂ ಮೀರಬಹುದು, ಮೇಜಿನ ಮೇಲೂ ಪಾಲಿಸಬಹುದು.

ಆದರೆ ಹೆಚ್ಚು ಅಪಾಯಕಾರಿಯಾದುದು ಮೊದಲನೆಯ ಪಕ್ಷದ ವಾದ. ಏಕೆಂದರೆ ಅದು ಆಸೆಗೆ ಅಪರಿಗ್ರಹದ ಉಡುಪು ತೊಡಿಸುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನ ಮೇಲಿನ ಮಮಕಾರವೆಂದು ನಿರೂಪಿಸಿದ್ದಾರೆ. ಆ ನಿರೂಪಣೆಯಲ್ಲಿ ಬೆಲೆಯ ಪ್ರಸ್ತಾಪವಿಲ್ಲ. ವಸ್ತು ಹೊಸದೋ ಹಳೆಯದೋ ಎಂಬ ಭೇದವೂ ಇಲ್ಲ. ಹತ್ತು ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಬಂಗಾರಗಳ ಜೊತೆಗೆ ಮನೆಬಳಕೆಯ ಸಾಮಾನೂ ಲೆಕ್ಕಕ್ಕೆ ಬರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳು ಸೇರಿವೆ. ನೆರೆಮನೆಯ ಮೇಜನ್ನು ಕಂಡು ಬೆರಗಾಗುವುದು, ಅಗ್ಗವೆಂದು ಆಸೆಪಡುವುದು, ಜಾಗವಿಲ್ಲದಿದ್ದರೂ ತಂದಿಡುವುದು: ಒಂದೇ ಮೇಜಿನಲ್ಲಿ ಮೂರು ಅತಿಚಾರಗಳು ಘಟಿಸಬಹುದು.

ಹೊಸ ಮೇಜಿನ ಬೆಲೆ ಗೃಹಸ್ಥನನ್ನು ನಾಲ್ಕು ದಿನ ಯೋಚಿಸುವಂತೆ ಮಾಡುತ್ತದೆ. ಹಳೆಯ ಮೇಜಿಗೆ ಆ ತಡೆಯೂ ಇಲ್ಲ. ಮೇಜು ಬಂದ ಮೇಲೆ ನಾಲ್ಕು ಕುರ್ಚಿಗಳು ಬರುತ್ತವೆ, ಕುರ್ಚಿಗಳಿಗೆ ಗಾದಿ, ಮೇಜಿಗೆ ಹಾಸು, ಹಾಸಿಗೆ ತಕ್ಕ ಪಿಂಗಾಣಿ ಬರುತ್ತದೆ. ಮರ ಉಳಿಯಿತೆಂಬ ಸಮಾಧಾನವೂ ಅರ್ಧಸತ್ಯವೇ. ಹೊಸ ಮೇಜನ್ನು ಕೊಳ್ಳಲೇಬೇಕಾಗಿದ್ದವನು ಹಳೆಯದನ್ನು ಕೊಂಡರೆ ಮರ ಉಳಿಯುತ್ತದೆ. ಮೇಜೇ ಬೇಕಾಗಿರದವನು ಕೊಂಡರೆ ಯಾವ ಮರವೂ ಉಳಿಯುವುದಿಲ್ಲ, ಮನೆಯ ಸಾಮಾನು ಮಾತ್ರ ಒಂದು ಹೆಚ್ಚುತ್ತದೆ.

ಹಳೆಯ ವಸ್ತುವಿಗೆ ಹೊಸದಕ್ಕಿಲ್ಲದ ಪರೀಕ್ಷೆಗಳೂ ಇವೆ. ಅದು ಎಲ್ಲಿಂದ ಬಂತು? ಕಳವಿನ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರ. ಬೇರೆ ಮರಕ್ಕೆ ಬಣ್ಣ ಬಳಿದು ಸಾಗವಾನಿಯೆಂದು ಮಾರುವುದೂ ಅದೇ ವ್ರತದ ಅತಿಚಾರ. ಮಾರುವವರು ಯಾವ ಸ್ಥಿತಿಯಲ್ಲಿದ್ದಾರೆ? ಬಾಗಲಕೋಟೆಯ ಸೀಮೆಗೆ ಮನೆ ಬಿಡುವವರ ಸಂಕಟವನ್ನು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರನ್ನು ತಟ್ಟಿ, ಸಾವಿರಾರು ಸಂಸಾರಗಳು ನೆಲೆ ಬದಲಿಸಿದವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಸಮ್ಮತಿಸಿದ್ದು, ಮುಳುಗಡೆಯ ಮಾತು ಇನ್ನೂ ಮುಗಿದಿಲ್ಲ. ಮನೆ ಖಾಲಿ ಮಾಡುವ ಅವಸರದಲ್ಲಿರುವವರು ಬೆಲೆಗಾಗಿ ಜಗ್ಗಾಡಲಾರರು. ಅವರ ನಿರುಪಾಯದಿಂದ ದೊರೆತ ಅಗ್ಗವನ್ನು ಜಾಣತನವೆಂದು ಕರೆಯುವುದು ಶ್ರಾವಕನಿಗೆ ಶೋಭಿಸದು. ಸಲ್ಲಬೇಕಾದ ಬೆಲೆಯನ್ನು ತಾನಾಗಿಯೇ ಕೊಡಬೇಕು.

ಇನ್ನು ಜೀವದಯೆಯ ಪ್ರಶ್ನೆ. ಹಳೆಯ ಮರದಲ್ಲಿ ಹುಳು, ಸಂದುಗಳಲ್ಲಿ ತಿಗಣೆ ಇರಬಹುದು. ಕೊಂಡು ತಂದು ವಿಷ ಸಿಂಪಡಿಸುವುದಕ್ಕಿಂತ ಕೊಳ್ಳುವ ಮೊದಲೇ ಹಲಗೆಯನ್ನು ತಿರುವಿ, ಬಿಜಾಗರಿಗಳನ್ನು ಬಿಚ್ಚಿ ನೋಡಿ, ಜೀವಿಗಳಿದ್ದರೆ ಬಿಟ್ಟುಬರುವುದು ಲೇಸು. ಮಡಚುವ ಮೇಜಿನ ಸಂದಿನಲ್ಲಿ ಅನ್ನದ ಅಗುಳು, ಬೆಲ್ಲದ ಪಾಕ ಸಿಕ್ಕಿಕೊಂಡು ಇರುವೆ ಕೂಡುತ್ತವೆ. ನೋಡದೆ ಹಲಗೆ ಇಳಿಸಿದರೆ ಅವು ಅರೆದುಹೋಗುತ್ತವೆ. ಪ್ರತಿ ಊಟದ ನಂತರ ಬೆಳಕಿರುವಾಗಲೇ ಸಂದುಗಳನ್ನು ಮೆತ್ತಗೆ ಒರೆಸುವ ತಾಳ್ಮೆ ಇಲ್ಲದ ಮನೆಗೆ ಈ ಮೇಜು ತಕ್ಕುದಲ್ಲ.

ಬಸದಿಗಳ ಟ್ರಸ್ಟುಗಳೂ ಇಲ್ಲಿ ಜಾಗೃತವಾಗಬೇಕಾಗಿದೆ. ಮನೆಗೆ ಮೇಜು ಬಂದ ಮರುದಿನ, ಜಾಗ ಸಾಲದೆ ಹೊರಬಿದ್ದ ಕಾಲು ಮುರಿದ ಬೆಂಚು, ತುಕ್ಕು ಹಿಡಿದ ಕುರ್ಚಿ ‘ದಾನ’ವಾಗಿ ಬಸದಿಯ ಭೋಜನಶಾಲೆಗೆ ಸಾಗುತ್ತವೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಇದು ಯಾವುದು? ಬೇಡವಾದುದನ್ನು ದೇವರ ಹೆಸರಿನಲ್ಲಿ ಸಾಗಹಾಕುವುದು ತ್ಯಾಗವಲ್ಲ. ಕೇಳದೆ ಬಂದ ಸಾಮಾನನ್ನು ಸ್ವೀಕರಿಸಕೂಡದೆಂದು ಪ್ರತಿ ಟ್ರಸ್ಟೂ ಠರಾವು ಮಾಡಬೇಕು. ಕೆಳಗೆ ಕೂರಲಾಗದ ಯಾತ್ರಿಕರಿಗಾಗಿ ಟ್ರಸ್ಟು ತಾನೇ ಎರಡು ಹಳೆಯ ಮೇಜುಗಳನ್ನು ಕೊಂಡರೆ ಆಕ್ಷೇಪವಿಲ್ಲ. ಆದರೆ ಎಷ್ಟು ಬೇಕೆಂದು ಮೊದಲೇ ದಾಖಲೆಯಲ್ಲಿ ಬರೆದಿರಬೇಕು.

ಹಾಗಾದರೆ ನಿರ್ಣಯವೇನು? ಮೇಜನ್ನು ನೋಡಲು ಹೋಗುವ ಮೊದಲೇ ಮನೆಯವರೆಲ್ಲ ಕುಳಿತು, ಮನೆಯಲ್ಲಿ ಇರಬೇಕಾದ ಸಾಮಾನಿನ ಮಿತಿಯನ್ನು ಬರೆದುಕೊಳ್ಳಬೇಕು. ಮತ್ತೆ ಮತ್ತೆ ಬಳಸುವ ವಸ್ತು ಉಪಭೋಗವಾಗಿದ್ದು, ಅದಕ್ಕೆ ಕಾಲಮಿತಿಯ ನಿಯಮವನ್ನಾದರೂ ಜೀವಾವಧಿಯ ಯಮವನ್ನಾದರೂ ತೊಡಲು ಸಮಂತಭದ್ರರು ದಾರಿ ತೋರಿದ್ದಾರೆ. ಒಂದು ಚಾತುರ್ಮಾಸದ ಮಟ್ಟಿಗಾದರೂ ಮರದ ಸಾಮಾನು ಕೊಳ್ಳೆನೆಂದು ನಿಯಮ ಹಿಡಿದು ನೋಡಿದರೆ, ಬೇಕೆನಿಸಿದ್ದು ಅಗತ್ಯವೋ ಆಸೆಯೋ ಎಂಬುದು ತಾನಾಗಿ ತಿಳಿಯುತ್ತದೆ. ಮನೆಯಲ್ಲಿ ಕೆಳಗೆ ಕೂರಲಾರದ ಹಿರಿಯರಿದ್ದಾರೆ, ಮಿತಿಯೊಳಗೆ ಜಾಗವಿದೆ ಅಥವಾ ಮೇಜಿಗೆ ಬದಲಾಗಿ ಒಂದು ಸಾಮಾನು ಉಪಯೋಗವಾಗುವವರ ಕೈ ಸೇರುತ್ತದೆ ಎಂದಾದರೆ ಆ ಹಳೆಯ ಮೇಜನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಹಲಗೆ ಇಳಿಬಿಟ್ಟುಕೊಂಡು ಗೋಡೆಗೆ ಒರಗಿ, ಮೇಲೊಂದು ಹೂದಾನಿ ಹೊತ್ತು ನಿಲ್ಲುವುದಷ್ಟೇ ಅದರ ಕೆಲಸವೆಂದಾದರೆ ಪುಕ್ಕಟೆ ಕೊಟ್ಟರೂ ತರಬಾರದು.

ಗುಳೇದಗುಡ್ಡದ ನೆರೆಯ ಬಾದಾಮಿಯಲ್ಲಿ, ನಾಲ್ಕನೆಯ ಗುಹೆಯ ಬಾಹುಬಲಿ ಮೈಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತಿದ್ದಾನೆ. ಅಂತಹ ಸರ್ವಸಂಗ ಪರಿತ್ಯಾಗವನ್ನು ಗೃಹಸ್ಥನಿಂದ ಯಾರೂ ಅಪೇಕ್ಷಿಸಿಲ್ಲ. ಅವನಿಂದ ಅಪೇಕ್ಷಿಸಿದ್ದು ಲೆಕ್ಕವಿಡುವುದನ್ನು. ವ್ಯಾಪಾರದಲ್ಲಿ ಕಾಸು ಕಾಸಿಗೂ ಲೆಕ್ಕವಿಡುವ ಸಮಾಜ ತನ್ನ ಮನೆಯ ಸಾಮಾನಿಗೂ ಲೆಕ್ಕವಿಡಲು ಹಿಂಜರಿಯಬಾರದು.