ತೆರೆಯ ಹಿಂದಣ ಸಂಗತಿಗಳು: ಆನೆಯ ಪಾದ, ನೀಲಿಯ ಪರದೆ, ಗೋಣಿಯ ಗೋಡೆ

ಕವಲಂದೆಯಿಂದ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಸಿನಿಮಾದ ವೀರನು ಮಹಡಿಯಿಂದ ಮಹಡಿಗೆ ನೆಗೆಯುವುದನ್ನು ಕಂಡ ಅವರ ಮಗನು ಮನೆಯ ಅಟ್ಟದಿಂದ ಹಾರಿ ಕಾಲನ್ನು ಉಳುಕಿಸಿಕೊಂಡನಂತೆ. “ತೆರೆಯ ಮೇಲೆ ಕಾಣುವುದೆಲ್ಲ ನಿಜವೋ ಕಣ್ಕಟ್ಟೋ? ಎರಡೂ ಬೆರೆತಿದ್ದರೆ ನಿಜವೆಷ್ಟು, ಕಣ್ಕಟ್ಟೆಷ್ಟು? ತಿಳಿದರೆ ಹುಡುಗನಿಗೆ ಹೇಳಬಹುದು” ಎಂದು ಅವರು ಕೇಳಿರುವರು. ಪ್ರಶ್ನೆಯು ಚಿಕ್ಕದು, ಉತ್ತರವು ಚಿಕ್ಕದಲ್ಲ. ಆದರೆ ಅದನ್ನು ಹುಡುಕಿಕೊಂಡು ಹಾಲಿವುಡ್ಡಿಗೆ ಹೋಗಬೇಕಾಗಿಲ್ಲ. ಕವಲಂದೆಯಲ್ಲಿ ರೈಲು ಹತ್ತಿ, ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಮೈಸೂರಿನಲ್ಲಿ ಇಳಿದರೆ ಸಾಕು.

ಈ ಕಪಿಲೆಯು ನಂಜನಗೂಡಿಗೆ ಬರುವ ಮುನ್ನ ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಹರಿದು ಬರುವುದಷ್ಟೆ. ಅಲ್ಲಿ ಕಾರಾಪುರವೆಂಬ ಊರು. ಅಲ್ಲಿಯೇ ಮೈಸೂರು ಮಹಾರಾಜರ ಖೆಡ್ಡಾ ನಡೆಯುತ್ತಿದ್ದ ಕಾಡು. ಆ ಊರಿನ ಮಾವುತನೊಬ್ಬನಿಗೆ ೧೯೨೪ರಲ್ಲಿ ಒಂದು ಗಂಡು ಮಗುವಾಯಿತು. ಅದರ ಹೆಸರು ಸಾಬು. ತಂದೆಯು ಬೇಗನೆ ತೀರಿಕೊಳ್ಳಲು ಹುಡುಗನು ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದನು. ೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಪ್ರಸಿದ್ಧ ಚಿತ್ರಕಾರನು, ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರವಾಗಿಸಲೆಂದು, ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ ಎಂಬ ನಿರ್ಮಾಪಕನ ಪರವಾಗಿ ಮೈಸೂರಿಗೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರವರು ಆನೆಗಳನ್ನೂ, ವಾಸಕ್ಕೆಂದು ಚಿತ್ತರಂಜನ ಮಹಲನ್ನೂ ಕೊಡಿಸಿದರು. ಈ ಮಹಲಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪುನಃ ಬರುವುದು. ಫ್ಲಾಹರ್ಟಿಯ ಛಾಯಾಗ್ರಾಹಕನ ಕಣ್ಣಿಗೆ ಬಿದ್ದ ಸಾಬುವೇ ಕಥಾನಾಯಕನಾದನು.

ಚಿತ್ರದ ಹೆಸರು ‘ಎಲಿಫೆಂಟ್ ಬಾಯ್.’ ಅದರಲ್ಲಿ ಹುಡುಗನು ಆನೆಯ ಮೇಲೇರುವುದೂ, ಅದರ ಸೊಂಡಿಲಿನೊಡನೆ ಆಡುವುದೂ, ಅದಕ್ಕೆ ಸ್ನಾನ ಮಾಡಿಸುವುದೂ ಎಲ್ಲವೂ ನಿಜ. ಹುಟ್ಟಿನಿಂದ ಆನೆಯ ಕಾಲಡಿಯಲ್ಲೇ ಬೆಳೆದವನಿಗೆ ಅದು ಸಾಹಸವಾಗಿರಲಿಲ್ಲ, ನಿತ್ಯದ ಕೆಲಸವಾಗಿದ್ದಿತು. ಆದರೆ ಕಥೆಯ ತುದಿಯಲ್ಲಿ ಒಂದು ತೊಡಕು. ಕಾಡಾನೆಗಳು ಬೆಳುದಿಂಗಳಲ್ಲಿ ಸೇರಿ ನೃತ್ಯ ಮಾಡುವುದನ್ನು ಹುಡುಗನು ಕಾಣಬೇಕು. ಮಹಾರಾಜರ ಆಜ್ಞೆಯಾದರೂ ಆನೆಗಳು ತಾಳಕ್ಕೆ ಸರಿಯಾಗಿ ಕುಣಿಯುವುವೆ? ಕಡೆಗೆ ಲಂಡನ್ನಿನ ಬಳಿಯ ಡೆನ್ಹ್ಯಾಂ ಸ್ಟುಡಿಯೋದಲ್ಲಿ ಕೃತಕವಾದ ಆನೆಯ ಪಾದಗಳನ್ನು ಮಾಡಿಸಿ ಕೆಲಸದವರಿಂದ ನೆಲಕ್ಕೆ ತಟ್ಟಿಸಿದರು. ಕಾರಾಪುರದ ನಿಜವಾದ ಆನೆಗಳ ನಡುವೆ ಈ ಪಾದಗಳ ಚಿತ್ರವನ್ನು ಸೇರಿಸಲಾಯಿತು. ಚಿತ್ರವು ೧೯೩೭ರಲ್ಲಿ ಹೊರಬಂದು ವೆನಿಸ್ ನಗರದ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಬಹುಮಾನವನ್ನು ಪಡೆಯಿತು. ಪ್ರೇಕ್ಷಕರು ಬೆರಗಾದುದು ಬಹುಶಃ ಆ ಕೃತಕ ಪಾದಗಳಿಗೇ ಇರಬೇಕು! ಮೈಸೂರಿನವರು ನಗದೆ ಹೇಗೆ ನೋಡಿದರೋ ನಾವು ಅರಿಯೆವು.

ಸಾಬು ಲಂಡನ್ನಿಗೆ ಹೋದವನು ಹಿಂದಿರುಗಿ ಕಾರಾಪುರದಲ್ಲಿ ನೆಲಸಲಿಲ್ಲ. ‘ಬಾಗ್ದಾದಿನ ಕಳ್ಳ’ ಎಂಬ ಚಿತ್ರವು ೧೯೪೦ರಲ್ಲಿ ಬಂದಿತು. ಯುದ್ಧದ ಕಾರಣದಿಂದ ಅದನ್ನು ಇಂಗ್ಲೆಂಡಿನಲ್ಲಿ ಆರಂಭಿಸಿ ಅಮೆರಿಕದಲ್ಲಿ ಮುಗಿಸಬೇಕಾಯಿತು. ಅದರಲ್ಲಿ ಬೆಟ್ಟದಷ್ಟು ಎತ್ತರದ ಭೂತವೊಂದು ಸೀಸೆಯಿಂದ ಹೊರಬರುವುದು, ನಮ್ಮ ಹುಡುಗನು ಅದರ ಜುಟ್ಟನ್ನು ಹಿಡಿದುಕೊಂಡು ಆಕಾಶದಲ್ಲಿ ಹಾರುವನು, ಕಂಬಳಿಯೂ ಹಾರುವುದು. ಇಂದು ಮಕ್ಕಳೂ ಹೆಸರು ಬಲ್ಲ ನೀಲಿಯ ಪರದೆಯ ತಂತ್ರವನ್ನು ಬಣ್ಣದ ದೊಡ್ಡ ಚಿತ್ರದಲ್ಲಿ ಮೊತ್ತಮೊದಲು ಬಳಸಿದವನು ಈ ಚಿತ್ರದ ಲಾರೆನ್ಸ್ ಬಟ್ಲರ್.

ಅದರ ರೀತಿಯನ್ನು ಸ್ವಲ್ಪ ವಿವರಿಸುವೆವು. ಆ ಕಾಲದ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಏಕಕಾಲಕ್ಕೆ ಮೂರು ಫಿಲ್ಮುಗಳು ಓಡುತ್ತಿದ್ದುವು. ಕೆಂಪು, ಹಸುರು, ನೀಲಿ ಬಣ್ಣಗಳ ಬೆಳಕು ಬೇರೆ ಬೇರೆಯಾಗಿ ಅವುಗಳ ಮೇಲೆ ಬೀಳುತ್ತಿತ್ತು. ನಟನನ್ನು ನೀಲಿಯ ಪರದೆಯ ಮುಂದೆ ನಿಲ್ಲಿಸಿದರೆ, ನೀಲಿಯ ಫಿಲ್ಮಿನಲ್ಲಿ ಪರದೆಯು ಬೆಳ್ಳಗೆ ಬೆಳಗುವುದು, ಕೆಂಪಿನ ಫಿಲ್ಮಿನಲ್ಲಿ ಕಪ್ಪಾಗುವುದು. ಮನುಷ್ಯನ ಮೈ ನೀಲಿಯಲ್ಲದುದರಿಂದ ಅವನಲ್ಲಿ ಈ ವ್ಯತ್ಯಾಸವಿಲ್ಲ. ಎರಡನ್ನೂ ಹೊಂದಿಸಿ ನಟನ ಆಕಾರದ ಕರಿಯ ಮುಸುಕನ್ನು ತಯಾರಿಸುವರು. ಬಳಿಕ ಮುದ್ರಣ ಯಂತ್ರದಲ್ಲಿ ಆಕಾಶದ ಚಿತ್ರವನ್ನು ಅಚ್ಚೊತ್ತುವಾಗ ಆ ಮುಸುಕು ನಟನಷ್ಟು ಜಾಗವನ್ನು ಖಾಲಿ ಬಿಡಿಸುವುದು. ಎರಡನೆಯ ಸಲ ಅದೇ ಫಿಲ್ಮನ್ನು ಓಡಿಸಿ, ಖಾಲಿ ಜಾಗದಲ್ಲಿ ನಟನನ್ನು ಕೂರಿಸುವರು. ನಮ್ಮ ಹೆಂಗಸರು ರಂಗೋಲಿಯ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಪುಡಿ ತುಂಬುವುದು ನೆನಪಾಗುವುದಿಲ್ಲವೆ? ಆ ಚಿತ್ರವನ್ನು ಈಗ ನೋಡುವವರು ಆಕಾಶದಲ್ಲಿರುವ ಆಕೃತಿಗಳ ಅಂಚನ್ನು ಗಮನಿಸಿದರೆ ಅಲ್ಲಲ್ಲಿ ತೆಳುವಾದ ನೀಲಿಯ ಗೆರೆ ಕಂಡೀತು. ಕಣ್ಕಟ್ಟಿನ ಹೊಲಿಗೆ ಅದೇ. ಚಿತ್ರಕ್ಕೆ ಮೂರು ಆಸ್ಕರ್ ಪಾರಿತೋಷಕಗಳು ಬಂದುವು. ಅವುಗಳಲ್ಲೊಂದು ಈ ತಂತ್ರದ ಕೆಲಸಕ್ಕೆ. ಸಾಬು ಮುಂದೆ ಅಮೆರಿಕದ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಬಂದೂಕುಗಾರನಾಗಿ ಪದಕವನ್ನು ಪಡೆದನು. ಪರದೆಯ ಮುಂದೆ ಹಾರಿದವನು ನಿಜವಾಗಿಯೂ ಹಾರಿದ್ದು ಆಗ. ೧೯೬೩ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು.

ದೆವ್ವದ ಚಿತ್ರಗಳಿಗೆ ಇಷ್ಟೊಂದು ಯಂತ್ರಗಳೂ ಬೇಡ. ಮೈಸೂರಿನಲ್ಲಿಯೇ ಡಿ. ಶಂಕರಸಿಂಗ್ ಮತ್ತು ಬಿ. ವಿಠಲಾಚಾರ್ಯರ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯು ‘ನಾಗಕನ್ನಿಕಾ’ (೧೯೪೯), ‘ಜಗನ್ಮೋಹಿನಿ’ (೧೯೫೧) ಮೊದಲಾದ ಮಾಯಾಮಂತ್ರಗಳ ಚಿತ್ರಗಳನ್ನು ತೆಗೆಯಿತು. ಉಡುಪಿಯ ಕಡೆಯ ವಿಠಲಾಚಾರ್ಯರು ಬಳಿಕ ತೆಲುಗಿನಲ್ಲಿ ಇಂಥ ಚಿತ್ರಗಳಿಗೇ ಹೆಸರಾದರು. ಮನುಷ್ಯನು ಮಾಯವಾಗಬೇಕೆ? ಕ್ಯಾಮೆರಾವನ್ನು ನಿಲ್ಲಿಸುವುದು; ನಟನು ಪಕ್ಕಕ್ಕೆ ಸರಿಯುವುದು; ಉಳಿದವರು ಮಿಸುಕದೆ ಇರುವುದು; ಕ್ಯಾಮೆರಾವನ್ನು ಮತ್ತೆ ನಡೆಸುವುದು. ಪಾರದರ್ಶಕವಾದ ದೆವ್ವ ಬೇಕೆ? ಫಿಲ್ಮನ್ನು ಹಿಂದಕ್ಕೆ ಸುತ್ತಿ, ಕರಿಯ ಬಟ್ಟೆಯ ಮುಂದೆ ಬಿಳಿಯ ಸೀರೆಯವಳನ್ನು ನಡೆಸಿ, ಅದರ ಮೇಲೆಯೇ ಮತ್ತೊಮ್ಮೆ ಚಿತ್ರ ತೆಗೆಯುವುದು. ನಟನು ಸಮಯಕ್ಕೆ ಬಾರದೆ ಸತಾಯಿಸಿದರೆ ಆಚಾರ್ಯರು ಅವನ ಪಾತ್ರವನ್ನು ಶಾಪದಿಂದ ಮೇಕೆಯಾಗಿಸಿ ಮೇಕೆಯೊಡನೆ ಚಿತ್ರವನ್ನು ಮುಗಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಪ್ರಚಾರದಲ್ಲಿದೆ. ಮೇಕೆಯು ಸಂಬಳದ ವಿಷಯದಲ್ಲಿ ತಂಟೆ ಮಾಡುವುದಿಲ್ಲವಷ್ಟೆ.

ಇನ್ನು ಚಿತ್ತರಂಜನ ಮಹಲಿನ ವಿಷಯ. ರಾಜಕುಮಾರಿಯರಿಗಾಗಿ ಕಟ್ಟಿದ್ದ ಆ ಮನೆಯು ಕಾಲಾಂತರದಲ್ಲಿ ಎಂ. ಎನ್. ಬಸವರಾಜಯ್ಯನವರ ಪ್ರೀಮಿಯರ್ ಸ್ಟುಡಿಯೋ ಆಯಿತು. ಕನ್ನಡದ ಎಷ್ಟೋ ಚಿತ್ರಗಳು ಅಲ್ಲಿ ತಯಾರಾದುವು. ೧೯೮೯ನೆಯ ಇಸವಿ ಫೆಬ್ರವರಿ ೮ರಂದು ಅಲ್ಲಿ ಟೀಪು ಸುಲ್ತಾನನ ಖಡ್ಗವನ್ನು ಕುರಿತ ದೂರದರ್ಶನದ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಒಳಗೆ ಅರಮನೆಯನ್ನು ಕಟ್ಟಿದ್ದರು. ಆ ಅರಮನೆಯ ಗೋಡೆಗಳಿಗೆ ಗೋಣಿಯನ್ನು ಹೊದಿಸಿದ್ದರು. ದೊಡ್ಡ ದೀಪಗಳ ಬೇಗೆ, ಸಡಿಲವಾದ ತಂತಿಗಳು, ಗಾಳಿ ಹೊರಹೋಗಲು ಸಾಕಷ್ಟು ಕಿಂಡಿಗಳಿಲ್ಲ, ಬೆಂಕಿಯನ್ನಾರಿಸುವ ಸಲಕರಣೆಯಿಲ್ಲ. ಬೆಂಕಿ ಹತ್ತಿಕೊಂಡಿತು. ಅರುವತ್ತೆರಡು ಜನ ಸತ್ತರು. ನಿರ್ದೇಶಕರೂ ನಾಯಕರೂ ಆಗಿದ್ದ ಸಂಜಯ್ ಖಾನರು ಸುಟ್ಟ ಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ, ಧಾರಾವಾಹಿಯನ್ನು ಮುಗಿಸಿದರು. ತೆರೆಯ ಮೇಲಿನ ಕತ್ತಿಯು ಯಾರನ್ನೂ ಇರಿಯಲಿಲ್ಲ. ಇರಿದುದು ಯಾರ ಲೆಕ್ಕಕ್ಕೂ ಬಾರದಿದ್ದ ಗೋಣಿಯೂ ತಂತಿಯೂ. ಆ ಮಹಲು ಈಗ ಗ್ರೀನ್ ಹೋಟೆಲೆಂಬ ಹೆಸರಿನಲ್ಲಿ ಪ್ರವಾಸಿಗರಿಗೆ ವಸತಿಯಾಗಿದೆ. ಅಲ್ಲಿಯ ಹಜಾರದಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಮಂದಿಗೆ ಈ ಕಥೆ ತಿಳಿದಿರುವುದೋ.

ಕವಲಂದೆಯ ಹುಡುಗನ ನೆಗೆತಕ್ಕೆ ಹತ್ತಿರವಾದ ಸಂಗತಿಯು ೨೦೧೬ರದು. ‘ಮಾಸ್ತಿಗುಡಿ’ ಎಂಬ ಚಿತ್ರಕ್ಕಾಗಿ ನವೆಂಬರ್ ೭ರಂದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ನಾಯಕನಟರೂ, ಖಳರ ಪಾತ್ರದ ಅನಿಲ್, ಉದಯ್ ಎಂಬ ಇಬ್ಬರು ತರುಣರೂ ಧುಮುಕಿದರು. ನಾಯಕರು ಪಾರಾದರು. ಆ ಇಬ್ಬರ ಮೈಮೇಲೆ ತೇಲುವ ಕವಚವಿರಲಿಲ್ಲ; ತಮಗೆ ಈಜು ಚೆನ್ನಾಗಿ ಬಾರದೆಂದು ಧುಮುಕುವ ಮುನ್ನವೇ ಹೇಳಿಕೊಂಡಿದ್ದರು. ಅವರು ಮುಳುಗುವುದೂ ಕ್ಯಾಮೆರಾದಲ್ಲಿ ದಾಖಲಾಯಿತು. ಎಪ್ಪತ್ತಾರು ವರ್ಷಗಳ ಹಿಂದೆಯೇ ಒಬ್ಬ ಹುಡುಗನನ್ನು ನೀಲಿಯ ಪರದೆಯ ಮುಂದೆ ಹಾರಿಸಿ ಕ್ಷೇಮವಾಗಿ ಇಳಿಸಿದ ವಿದ್ಯೆಯು ಅದಾಗಲೇ ಎಲ್ಲರ ಕೈಯಲ್ಲಿದ್ದಿತು. ಪ್ರೇಕ್ಷಕನು ಹತ್ತು ಗಜ ದೂರದಿಂದ ನಿಜದ ನೀರಿಗೂ ಬಣ್ಣದ ಪರದೆಗೂ ಭೇದ ಕಾಣನು. ಹೀಗಿರಲು ಇಂಥ ನೈಜತೆ ಯಾರಿಗೆ ಬೇಕಾಗಿದ್ದಿತೋ ನಮಗೆ ತಿಳಿಯದು. ಪತ್ರ ಬರೆದ ಗೃಹಸ್ಥರು ಮಗನಿಗೆ ಹೇಳುವಾಗ ಆನೆಯ ಪಾದದ ಸಂಗತಿಯೊಂದನ್ನೇ ಹೇಳದೆ ಇದನ್ನೂ ಹೇಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಆನಿಮೇಷನ್ ಚಿತ್ರಗಳ ವಿಷಯವನ್ನು ಇನ್ನೊಂದು ಸಂಚಿಕೆಯಲ್ಲಿ ವಿಸ್ತಾರವಾಗಿ ನೋಡೋಣ. ಸದ್ಯಕ್ಕೆ ಇಷ್ಟು: ನಮ್ಮ ಹೊಂಬಾಳೆ ಸಂಸ್ಥೆಯು ಪ್ರಸ್ತುತಪಡಿಸಿದ ‘ಮಹಾವತಾರ ನರಸಿಂಹ’ವು ೨೦೨೫ರ ಜುಲೈಯಲ್ಲಿ ಕನ್ನಡದಲ್ಲಿಯೂ ತೆರೆಕಂಡಿತು. ಅದರಲ್ಲಿ ನರಸಿಂಹನು ಕಂಬವನ್ನೊಡೆದು ಬರುವಾಗ ಆ ಕಂಬದ ಬಳಿ ನಿಂತಿದ್ದವರು ಯಾರೂ ಇರಲಿಲ್ಲ.